ಓದಿದವರು ಬದುಕದ ಮನೆ

ಬುತ್ತಿಯ ಗಂಟು ಬಿಚ್ಚದೆ ತಿರುಗಿ ಬಂದಿತು.

ಜಕ್ಕಪ್ಪ ಅದನ್ನು ಮುಧೋಳದ ಮೋಟಾರ್ ಸ್ಟ್ಯಾಂಡಿನಿಂದ ಹೆಗಲ ಮೇಲೆ ಹೊತ್ತು ರನ್ನ ಬೆಳಗಲಿಯ ತನಕ ನಡೆದು ಬಂದು, ಕಟ್ಟೆಯ ಮೇಲಿಟ್ಟು, ಕಾಲು ತೊಳೆಯಲು ಹೋದ. ತಾಯಿ ಸೋಮವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಗಂಟು ಹಾಕಿದವಳು ಅವಳೇ. ಹಾಕಿದ ಗಂಟು ಹಾಗೆಯೇ ಇತ್ತು. ಒತ್ತಿ ನೋಡಿದಳು, ಒಳಗೆ ರೊಟ್ಟಿ ಕಟಕ್ಕೆಂದವು.

"ಯಾಕ ತಿರಗಿ ತಂದಿ?"

"ಯಾರೂ ಬಿಡಿಸ್ಕೊಳ್ಳಾಕ ಬಂದಿಲ್ಲಂತ."

"ಯಾರೂ ಅಂದ್ರ?"

"ಹೊಳೆಪ್ಪ, ಮತ್ಯಾರು? ವಿಜಾಪುರ ಸ್ಟ್ಯಾಂಡಿನ್ಯಾಗ ಗಂಟು ಎರಡ ದಿನಾ ಬಿದ್ದಿತ್ತಂತ. ಕ್ಲೀನರ್ ಕಾದು ಕಾದು ತಿರಗಿ ಹಾಕಿ ಕಳಿಸ್ಯಾನ."

ವಾರಕ್ಕೊಂದು ಗಂಟು ಕಳಿಸುವುದು ಆ ಮನೆಯ ರೂಢಿ. ಒಣಗಿಸಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಒಮ್ಮೊಮ್ಮೆ ಉಪ್ಪು ಹಚ್ಚಿ ಒಣಗಿಸಿದ ಕುರಿಯ ಖಂಡ. ಮುಧೋಳದಲ್ಲಿ ಮೋಟಾರಿನ ಕ್ಲೀನರನ ಕೈಗೆ ಕೊಟ್ಟರೆ ಗಲಗಲಿಯ ಹೊಳೆದಂಡೆಯಲ್ಲಿ ಗಂಟು ದೋಣಿ ಏರುತ್ತಿತ್ತು, ಆಚೆ ದಂಡೆಯಲ್ಲಿ ಇನ್ನೊಂದು ಮೋಟಾರು, ಸಂಜೆಗೆ ವಿಜಾಪುರ. ಅಲ್ಲಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದ ಕಿರಿಯ ಮಗ ಹೊಳೆಪ್ಪ ಬಂದು ಅದನ್ನು ಒಯ್ದು, ಹಿಂದಿನ ವಾರದ ಖಾಲಿ ಬಟ್ಟೆಯನ್ನು ಅದೇ ಕ್ಲೀನರನ ಕೈಯಲ್ಲಿ ಕಳಿಸುತ್ತಿದ್ದ. ಖಾಲಿ ಬಟ್ಟೆ ಬಂತೆಂದರೆ ಮಗ ಉಂಡಿದ್ದಾನೆ, ಮಗ ಇದ್ದಾನೆ. ಅಕ್ಷರ ಬರದ ತಾಯಿಗೆ ಅಷ್ಟೇ ಸುದ್ದಿ, ಅಷ್ಟೇ ಸಾಕಾಗುತ್ತಿತ್ತು.

ತಂದೆ ಗಿರಮಲ್ಲಪ್ಪ ಉಣ್ಣೆಯ ಕದಿರು ತಿರುಗಿಸುತ್ತ ಹಿತ್ತಲಿನಿಂದ ಬಂದ. ಗಂಟು ಕಂಡ. ಕದಿರು ನಿಂತಿತು. ಗೋಡೆ ಹಿಡಿದು ಹಾಗೆಯೇ ಕೆಳಗೆ ಕುಳಿತ.

"ಮೂರನೇದು," ಎಂದ.

"ಎಂಥಾ ಮೂರನೇದು ಎಪ್ಪಾ?" ಮಗಳು ಶೇವಂತಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಪರೀಕ್ಷಾ ಹತ್ರ ಬಂದೈತಿ. ಓದಕೋತ ಕುಂತು ಮರತಿರಬೇಕು."

"ಹೊಟ್ಟಿ ಮರೀತಾರೇನ ಯಾರರೆ?"

"ಸತ್ತಾನ ನನ್ನ ಮಗಾ!" ಎಂದು ಸೋಮವ್ವ ಎದೆಗೆ ಕೈ ಹಚ್ಚಿದಳು.

"ಬಾಯಿ ಮುಚ್ಚ ಬೇ ಎವ್ವಾ! ನಿನ್ನ ಬಾಯಾಗ ಹುಳಾ ಬೀಳ್ಲಿ."

ಆ ಕಾಲದ ಬೆಳಗಲಿಯ ಊರಬಾಗಿಲು ಅಗಸೆಯಲ್ಲಿ ನಿಂತು, ಬಿ.ಎ. ಆದವರು ಯಾರಿದ್ದೀರಿ ಎಂದು ಕೂಗಿದರೆ ಓಗೊಡುವವರಿರಲಿಲ್ಲ. ಮ್ಯಾಟ್ರಿಕ್ ಎಂದರೆ ಜನ ಕುಲಕರ್ಣಿಯ ಮನೆಯ ಕಡೆ ಕೈ ತೋರಿಸುತ್ತಿದ್ದರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಎಂದರೆ ಸಾಲಿಯ ಮಾಸ್ತರರ ಕಡೆ, ಗೌಡರ ವಾಡೆಯ ಕಡೆ. ಇದೇ ಪ್ರಶ್ನೆಯನ್ನು ಕುರುಬರ ಓಣಿಯಲ್ಲಿ ಕೇಳಿದ್ದರೆ ಕೈ ತೋರಿಸಬೇಕಾದದ್ದು ಸ್ಮಶಾನದ ಕಡೆ. ಸಂಸ್ಥಾನದ ಕಾಲದಲ್ಲಿ ಗಿರಮಲ್ಲಪ್ಪನ ತಮ್ಮ ಓಣಿಗೆ ಮೊದಲಿಗನಾಗಿ ಮುಲ್ಕಿ ಪಾಸಾದ. ಮಾಸ್ತರಿಕೆಯ ಹುಕುಂ ಬರುವ ಮುನ್ನ ವಾಂತಿಭೇದಿಯಲ್ಲಿ ಹೋದ. ಆಮೇಲೆ ಹಿರಿಯ ಮಗ ಶಿವಯೋಗೆಪ್ಪ ಜಮಖಂಡಿಯಲ್ಲಿದ್ದು ಮ್ಯಾಟ್ರಿಕ್ ಬರೆದ. ಪಾಸಾದ ಸುದ್ದಿ ಬಂದಾಗ ಅವನನ್ನು ಮಣ್ಣು ಮಾಡಿ ವಾರ ಕಳೆದಿರಲಿಲ್ಲ. ರಾಜರು ಹೋದರು, ಮುಂಬಯಿ ಸರ್ಕಾರ ಬಂತು, ಊರೂರಿಗೆ ಸಾಲಿ ಎಂದು ಡಂಗುರ ಹೊಡೆಯಿತು. ಆ ಎರಡು ಮಣ್ಣಿನ ಗುಡ್ಡೆಗಳು ಮಾತ್ರ ಓಣಿಯ ಕಣ್ಣಿನಿಂದ ಅಳಿಯಲಿಲ್ಲ. ಹೊಳೆಪ್ಪನನ್ನು ಮನೆಯವರು ವರ್ಷವರ್ಷವೂ ಅಂಜುತ್ತಲೇ ಕಳಿಸಿದ್ದರು.

ಆ ಸಂಜೆ ಯಾರೂ ಉಣ್ಣಲಿಲ್ಲ. ಬಿಚ್ಚದ ಗಂಟನ್ನು ಒಳಗೆ ಒಯ್ಯಲು ಯಾರಿಗೂ ಧೈರ್ಯವಾಗಲಿಲ್ಲ.

ಮರುದಿನ ಗಿರಮಲ್ಲಪ್ಪ ಬೀರದೇವರ ಗುಡಿಗೆ ಹೋದ. ಪೂಜಾರಿ ಮೈಮೇಲೆ ಅರಿಸಿನದ ಭಂಡಾರ ಸುರಿದುಕೊಂಡ. ಡೊಳ್ಳು ಬಡಿದರು. ದೇವರ ಹೇಳಿಕೆ ಆಯಿತು: "ಅಕ್ಷರದವ್ವ ಹೊಸಾ ಮೆಟ್ಟಲಿಗೆ ಒಂದ ತಲಿ ಬೇಡತಾಳ. ಮುಲ್ಕಿದು ಮುಟ್ಟೈತಿ. ಮ್ಯಾಟ್ರಿಕ್ಕಿಂದು ಮುಟ್ಟೈತಿ. ಮೇಲಿಂದು ಮುಟ್ಟಿಲ್ಲ. ಮರೀನ ಹಟ್ಟಿಗಿ ತಿರಗಸ್ಕೋ."

ಮನೆಗೆ ಬಂದು ಅದನ್ನು ಹೇಳುವಾಗ ಗಿರಮಲ್ಲಪ್ಪನ ಹಣೆಯ ಭಂಡಾರ ಬೆವರಿನಲ್ಲಿ ಕರಗಿ ಮೀಸೆಗೆ ಇಳಿದಿತ್ತು.

"ಅದಕ್ಕ ಹೊಳೆಪ್ಪ ಮ್ಯಾಟ್ರಿಕ್ ಆಗಿ ಉಳದ," ಎಂದ. "ಆ ಮೆಟ್ಟಲಿಗೆ ಶಿವಯೋಗೆಪ್ಪ ಕೊಟ್ಟ ಹೋಗಿದ್ದ. ಈಗಿಂದಕ್ಕ ಯಾರೂ ಕೊಟ್ಟಿಲ್ಲ."

ಜಕ್ಕಪ್ಪನ ಹೆಂಡತಿ ಪದ್ಮವ್ವ ತುಂಬಿದ ಬಸುರಿ. ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. "ನನ್ನ ಕೂಸಿಗಿ ನಾ ಪಾಟೀನ ಮುಟ್ಟಸೂದಿಲ್ಲ."

"ಮೊದಲ ಕೂಸಿಗಿ ಹಲ್ಲ ಬರ್ಲಿ ಬಿಡ ವೈನಿ," ಎಂದಳು ಶೇವಂತಿ. "ಕುಲಕರ್ಣ್ಯಾರ ಮನ್ಯಾಗ ನಾಕ ಮಂದಿ ಮ್ಯಾಟ್ರಿಕ್ ಆಗ್ಯಾರ. ಅವರ ಮನ್ಯಾಗ ಎಷ್ಟ ತಲಿ ಹೋದುವು? ಅಕ್ಷರದವ್ವಗ ಕುರುಬರ ತಲೀನ ರುಚಿ ಹತ್ಯಾವೇನು?"

ಗಿರಮಲ್ಲಪ್ಪ ಕೈ ಎತ್ತಿದ. ಹೊಡೆಯಲಿಲ್ಲ. ಶೇವಂತಿಯ ಅಣ್ಣ ಶಿವಯೋಗೆಪ್ಪ ಸತ್ತ ವಾರವೇ ಅವಳ ಬರೆಯುವ ಪಾಟಿಯನ್ನು ಕಲ್ಲಿಗೆ ಅಪ್ಪಳಿಸಿದ್ದು ಅದೇ ಕೈ.

"ಜಕ್ಕಾ," ಎಂದ, "ನಾಳಿ ಮೋಟಾರ ಹಿಡಿ. ಇದ್ರ ಕರಕೊಂಡ ಬಾ." ಇರದಿದ್ದರೆ ಏನು ಎಂಬುದನ್ನು ಹೇಳಲಿಲ್ಲ.

ಜಕ್ಕಪ್ಪ ಹೋದ ಮೇಲೆ ಮನೆಯಲ್ಲಿ ಒಲೆ ಹೊತ್ತುತ್ತಿತ್ತು, ಉಣ್ಣುವವರಿರಲಿಲ್ಲ. ಅಗಸೆಯ ಕಡೆಯಿಂದ ಯಾರು ಬಂದರೂ ಸೋಮವ್ವ ಅವರ ಮುಖ ನೋಡುವ ಮೊದಲು ಕಾಲು ನೋಡುತ್ತಿದ್ದಳು. ಕೆಟ್ಟ ಸುದ್ದಿ ತರುವವರು ಓಡಿ ಬರುತ್ತಾರೆ. ತಪಾಲಿನವನು ಓಣಿಯ ತುದಿಯಲ್ಲಿ ಬೇರೆ ಯಾರನ್ನೋ ಕೂಗಿದರೆ ಅವಳ ಕೈಯ ತಂಬಿಗೆ ನೆಲಕ್ಕೆ ಬೀಳುತ್ತಿತ್ತು. ಪದ್ಮವ್ವ ಹಾಲು ಕಾಯಿಸುವಾಗ ಹಾಲು ಒಡೆಯಿತು. ಅತ್ತೆ ನೋಡಬಾರದೆಂದು ಅದನ್ನು ಹಿತ್ತಲಿಗೆ ಚೆಲ್ಲಿ ಮಣ್ಣು ಮುಚ್ಚಿದಳು.

ಎರಡನೆಯ ದಿನ ಕುರಿಗೆ ಸೊಪ್ಪು ತರಲು ಹೋದ ಶೇವಂತಿ ಹಳ್ಳದ ದಂಡೆಯಲ್ಲಿ ಅಪ್ಪನನ್ನು ಕಂಡಳು. ಗಿರಮಲ್ಲಪ್ಪ ಶಿವಯೋಗೆಪ್ಪನ ಗೋರಿಯ ಪಕ್ಕದಲ್ಲಿ ಸಲಿಕೆ ಹಿಡಿದು ಮುಳ್ಳು ಸವರುತ್ತಿದ್ದ. ಒಬ್ಬ ಮನುಷ್ಯ ಮಲಗುವಷ್ಟು ಜಾಗ ಬೋಳಾಗಿತ್ತು.

"ಏನ ಮಾಡಾಕತ್ತಿ ಎಪ್ಪಾ?"

"ಏನಿಲ್ಲ. ಜಾಲಿ ಬಾಳ ಬೆಳದಿತ್ತು."

"ಈ ಕಡಿಗಿ ಅಷ್ಟ ಬೆಳದಿತ್ತೇನು?"

ಅವನು ಇನ್ನೊಂದು ಜಾಲಿಯ ಬುಡಕ್ಕೆ ಸಲಿಕೆ ಹಾಕಿದ. ಶೇವಂತಿ ಸೊಪ್ಪಿನ ಹೊರೆ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದು ಅವ್ವನಿಗೆ ಹೇಳಿದಳು. ಸೋಮವ್ವ ಅಳಲಿಲ್ಲ. "ಹೌಂದಾ," ಎಂದಷ್ಟೇ ಅಂದು ಕುರಿಗಳಿಗೆ ನೀರು ತೋರಿಸಲು ಹೋದಳು.

ಮಾರನೆಯ ದಿನ ಇಳಿಹೊತ್ತಿಗೆ ಅಗಸೆಯಲ್ಲಿ ಇಬ್ಬರು ಕಂಡರು. ಒಬ್ಬ ಜಕ್ಕಪ್ಪ. ಇನ್ನೊಬ್ಬನನ್ನು ಸೋಮವ್ವ ಗುರುತು ಹಿಡಿಯುವಷ್ಟರಲ್ಲಿ ಶೇವಂತಿ ಓಡಿ ಹೋಗಿ ಅವನ ತೋಳು ಹಿಡಿದಾಗಿತ್ತು. ಹೊಳೆಪ್ಪನ ಕೆನ್ನೆ ಒಳಗೆ ಹೋಗಿದ್ದವು. ಶರ್ಟಿನ ಕಾಲರಿನಲ್ಲಿ ಕುತ್ತಿಗೆ ಅಲುಗಾಡುತ್ತಿತ್ತು.

"ಜ್ವರಾ ಇತ್ತು," ಎಂದ ಜಕ್ಕಪ್ಪ. "ಕ್ವಾಣ್ಯಾಗ ಒಬ್ಬನ ಬಿದ್ದಿದ್ದ. ಯಾಕ ಏನು ಅಂತ ಬಾಯಿ ಬಿಡವಲ್ಲ."

ಸೋಮವ್ವ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. "ಬಂದೆಲ್ಲ. ಸಾಕು. ಇನ್ನ ಹೋಗಬ್ಯಾಡಪಾ."

"ಹೋಗೂದಿಲ್ಲ ಎವ್ವಾ," ಎಂದ ಹೊಳೆಪ್ಪ. ಅದನ್ನು ಅವನು ಎಷ್ಟು ಬೇಗ ಅಂದನೆಂದರೆ ಶೇವಂತಿ ಹಿಡಿದಿದ್ದ ತೋಳು ಬಿಟ್ಟಳು.

ಮನೆ ಉಸಿರಾಡಿತು. ಪದ್ಮವ್ವ ಹುಗ್ಗಿ ಮಾಡಿದಳು. ಗಿರಮಲ್ಲಪ್ಪ ಬೀರದೇವರಿಗೆ ಕಾಯಿ ಒಡೆಸಿ ಬಂದ. ಹೊಳೆಪ್ಪ ಮೊದಮೊದಲು ಮಲಗಿದ, ಆಮೇಲೆ ಕಟ್ಟೆಗೆ ಬಂದು ಕುಳಿತ, ಆಮೇಲೆ ಕೋಲು ಹಿಡಿದು ಅಣ್ಣನ ಜೋಡಿ ಕುರಿಯ ಹಿಂದೆ ಹೊರಟ. ದಾರಿಯಲ್ಲಿ ಗೌಡರು ಕುದುರೆ ನಿಲ್ಲಿಸಿ ನಕ್ಕರು.

"ಛಲೋ ಮಾಡಿದಿ ಬಿಡಲೇ ಹೊಳ್ಯಾ. ಎಲ್ಲಾರೂ ಪಲ್ಲಕ್ಕಿ ಏರಿದ್ರ ಹೊರಾವರು ಯಾರು?"

ಆ ಮಾತಿಗೆ ಹೊಳೆಪ್ಪ ತಲೆ ಬಗ್ಗಿಸಿ "ಹೌಂದ್ರಿ" ಎಂದ. ಸಂಜೆ ಜಕ್ಕಪ್ಪ ಇದನ್ನು ಮನೆಯಲ್ಲಿ ಹೇಳಿದಾಗ ಶೇವಂತಿ ಹಾಲು ಕರೆಯುವುದನ್ನು ಬಿಟ್ಟು ಎದ್ದಳು.

"ಹೌಂದ್ರಿ ಅಂದಿ? ಇಂಟರ್ ಪಾಸಾದಾಂವ ನೀನು, ಹೌಂದ್ರಿ ಅಂದಿ?"

"ನಿನಗ ತಿಳ್ಯಾಂಗಿಲ್ಲ, ಸುಮ್ಮನಿರು."

"ಹೆಂಗ ತಿಳೀಬೇಕು? ನನ್ನ ಪಾಟಿ ಒಡದಾರಲ್ಲ. ನಿನ್ನ ಪುಸ್ತಕಾ ಯಾರೂ ಒಡದಿಲ್ಲ, ನೀನ ಒಗದ ಬಂದಿ."

ಶಿವರಾತ್ರಿ ಕಳೆಯಿತು. ಕಾಲೇಜಿನ ಪರೀಕ್ಷೆ ಹತ್ತಿರ ಬರುತ್ತಿದೆ ಎಂಬುದು ಮನೆಯ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಒಂದು ದಿನ ಗಿರಮಲ್ಲಪ್ಪ ಕುರಿ ಕಡಿಸಿದ. ಮಗ ಉಳಿದು ಬಂದ ಹರಕೆ. ಎಲ್ಲರೂ ಉಣ್ಣಲು ಕುಳಿತರು. ಸೋಮವ್ವ ಹೊಳೆಪ್ಪನ ಗಂಗಾಳಕ್ಕೆ ಆರಿಸಿ ಆರಿಸಿ ಖಂಡ ಹಾಕಿದಳು. ಅವನು ಒಂದು ಎಲುಬನ್ನು ಎತ್ತಿದವನು ಬಾಯಿಗೆ ಒಯ್ಯಲಿಲ್ಲ. ಗಂಗಾಳವನ್ನು ದೂಡಿದ.

"ಯಾಕೋ? ಮತ್ತ ಜ್ವರಾ ಬಂತೇನು?"

"ಇದರ ಸಲುವಾಗೇ ಆದದ್ದು," ಎಂದ.

ಆಗ ಎಲ್ಲವೂ ಬಾಯಿಗೆ ಬಂತು. ವಿಜಾಪುರದಲ್ಲಿ ಅವನಿದ್ದದ್ದು ಇಂದಿರಾಬಾಯಿ ಎಂಬ ಬ್ರಾಹ್ಮಣ ವಿಧವೆಯ ಮನೆಯ ಹಿಂದೆ, ಮೊದಲು ದನ ಕಟ್ಟುತ್ತಿದ್ದ ಕೋಣೆಯಲ್ಲಿ. ಒಂದು ದಿನ ಬೀದಿನಾಯಿ ಒಳಹೊಕ್ಕು ಗಂಟು ಎಳೆದು ಒಣಖಂಡವನ್ನು ಅವರ ತುಳಸಿಕಟ್ಟೆಯ ಮುಂದೆ ಚೆಲ್ಲಿತು. ಇಂದಿರಾಬಾಯಿ ಅಂಗಳವನ್ನೆಲ್ಲ ಸೆಗಣಿಯಿಂದ ಸಾರಿಸಿ, ಆಮೇಲೆ ಇವನನ್ನು ಕರೆದು, ಆ ಗಂಟು ಇನ್ನು ಈ ಅಂಗಳಕ್ಕೆ ಬರಬಾರದು, ಬಂದರೆ ಸಾಮಾನು ಬೀದಿಗೆ ಎಂದಿದ್ದರು.

"ಬ್ಯಾರೆ ಮನಿ ನೋಡಬೇಕಿಲ್ಲೋ?" ಎಂದ ಜಕ್ಕಪ್ಪ.

"ನೋಡಿದೆ. ಎಲ್ಲಾರೂ ಮೊದಲ ಜಾತಿ ಕೇಳತಾರ, ಆಮ್ಯಾಲ ಕ್ವಾಣಿ ಖಾಲಿ ಇಲ್ಲ ಅಂತಾರ."

"ಬೋರ್ಡಿಂಗಿನ್ಯಾಗ ಇರಬೇಕಿತ್ತು," ಎಂದಳು ಶೇವಂತಿ.

"ಯಾರ ಬೋರ್ಡಿಂಗ? ಬ್ರಾಹ್ಮಣರ ಹುಡುಗರಿಗೆ ವಾರಾನ್ನ ಐತಿ, ದಿನಕ್ಕೊಂದ ಮನಿ. ಉಳದವರಿಗೆ ಅವರವರ ಮಂದಿ ಕಟ್ಟಿಸಿದ್ದು ಐತಿ. ನಮ್ಮ ಮಂದ್ಯಾಗ ಓದಿದಾಂವ ಇಲ್ಲ, ಅದಕ್ಕ ಬೋರ್ಡಿಂಗ ಇಲ್ಲ. ಬೋರ್ಡಿಂಗ ಇಲ್ಲ, ಅದಕ್ಕ ಓದಿದಾಂವ ಇಲ್ಲ."

"ಸ್ಟ್ಯಾಂಡಿನ್ಯಾಗರೆ ಕುಂತು ಉಣಬೇಕಿತ್ತಪಾ," ಎಂದಳು ತಾಯಿ.

"ಒಂದ ವಾರಾ ಉಂಡೆ. ಕ್ಲಾಸಿನ ಹುಡುಗರು ನೋಡಿದರು. 'ಮೋಟಾರ್ ಸ್ಟ್ಯಾಂಡ್ ಬಿ.ಎ.' ಅಂತ ಹೆಸರ ಇಟ್ಟರು. ಕ್ಲಾಸಿಗೆ ಹೋದ್ರ ಪೋಂ ಪೋಂ ಅಂತಿದ್ದರು. ಮರುವಾರ ಸ್ಟ್ಯಾಂಡಿನ ಕಡಿಗಿ ಕಾಲ ಏಳಲಿಲ್ಲ. ಚುರಮರಿ ತಿಂದ ಇದ್ದೆ. ಜ್ವರಾ ಬಂತು. ಜ್ವರದಾಗ ಶಿವಯೋಗಣ್ಣ ಬಂದು ಮೂಲ್ಯಾಗ ಕುಂತಿದ್ದ. 'ನಾನೂ ಹಿಂಗ ಇದ್ದೆ' ಅಂದ."

ಗಿರಮಲ್ಲಪ್ಪ ತುತ್ತನ್ನು ಗಂಗಾಳಕ್ಕೆ ಬಿಟ್ಟ. "ಕೇಳ್ರೀ! ದೇವರು ಅಂದದ್ದು ಖರೆ ಆತಿಲ್ಲೋ?"

ಸೋಮವ್ವ ಗಂಡನ ಕಡೆ ತಿರುಗಿದಳು.

"ಶಿವಯೋಗೆಪ್ಪ ಜಮಖಂಡ್ಯಾಗ ಎಲ್ಲಿ ಉಣತಿದ್ದ?"

"ಧರ್ಮಶಾಲಿಯಾಗ ಇದ್ದ."

"ಇದ್ದದ್ದಲ್ಲ. ಉಂಡದ್ದು ಕೇಳಾಕತ್ತೇನಿ."

"ಬುತ್ತಿ ಒಯ್ದ ಕೊಡತಿದ್ನೆಲ್ಲ ನಾನು."

"ಆ ವರ್ಷ?"

ಶೇವಂತಿ ಅಪ್ಪನ ಮುಖ ನೋಡುತ್ತ ಕುಳಿತಳು.

"ಆ ವರ್ಷ ಮೇವ ಇರಲಿಲ್ಲ. ಹಿಂಡ ಹೊಡಕೊಂಡ ಹೊಳಿ ಸಾಲ ಹಿಡದ ಹೋಗಿದ್ನಿ. ನಿನಗ ಗೊತ್ತಿಲ್ಲೇನು? ಎರಡ ತಿಂಗಳ ಆ ಕಡಿಗಿ ಹೋಗಾಕ ಆಗಲಿಲ್ಲ."

"ನಾ ನೀವ ಹೋಗಿ ಕೊಟ್ಟಿರಬೇಕ ಅಂತ ಇದ್ದೆ. ನೀವು ನಾ ಯಾರ ಕೈಯಾಗರೆ ಕಳಿಸಿರಬೇಕ ಅಂತ ಇದ್ದಿರಿ." ಸೋಮವ್ವನ ದನಿ ಏರಲಿಲ್ಲ. "ಎರಡ ತಿಂಗಳ ನನ್ನ ಮಗಾ ಏನ ತಿಂದ? ಯಾವ ನೀರ ಕುಡದ? ಬಂದಾಗ ಹೊಟ್ಟಿ ಬೆನ್ನಿಗಿ ಹತ್ತಿತ್ತು. ನಾ ಓದಿ ಓದಿ ಸೊರಗ್ಯಾನ ಅಂದೆ. ಹಸದ ಸತ್ತವನ್ನ ಬಲಿ ಅಂದ್ವಿ, ಕಾಯಿ ಒಡಿಸಿದ್ವಿ."

"ದೇವರ ಹೇಳಿಕಿ ಸುಳ್ಳ ಅಂತಿಯೇನ ಸೋಮಿ?"

"ದೇವರಿಗಿ ಯಾರ ಹೇಳಬೇಕು, ಹುಡುಗಾ ಉಂಡಿಲ್ಲ ಅಂತ? ಪೂಜಾರಿ ಹೇಳಿದ್ನೇನು?" ಅವಳು ಎದ್ದಳು. "ನಾ ಇವನ ಜೋಡಿ ಹೋಗತೇನಿ. ಹಂಚ ಒಯ್ತೇನಿ, ಹಿಟ್ಟ ಒಯ್ತೇನಿ. ಎಲ್ಲೆರೆ ಮೂರ ಕಲ್ಲ ಹೂಡಿ ರೊಟ್ಟಿ ಬಡದ ಹಾಕತೇನಿ."

"ನಾ ಹೋಗೂದಿಲ್ಲ ಎವ್ವಾ!" ಹೊಳೆಪ್ಪ ಗೋಡೆಗೆ ಸರಿದ. "ನನಗ ಅಂಜಿಕಿ ಬರತೈತಿ. ಆ ಪರೀಕ್ಷಾ ಬರದ್ರ ನಾ ಉಳ್ಯಾಂಗಿಲ್ಲ."

"ನನಗೂ ಬರತೈತಿ. ನನಗ ಅಂಜಿಕಿ ಹೋಗೇತಿ ಅಂತ ಯಾರ ಹೇಳಿದರು ನಿನಗ?"

ಮೂರು ದಿನ ಮನೆಯಲ್ಲಿ ಜಗಳ. ಗಿರಮಲ್ಲಪ್ಪ ಅಡ್ಡ ಮಲಗಿದ, ಉಪವಾಸ ಕುಳಿತ, ಬೈದ. ಮನೆಗೆಲಸ ಯಾರು ನೋಡುತ್ತಾರೆ ಎಂದ. ಸೊಸೆಯ ದಿನ ತುಂಬಿವೆ, ಇಂಥ ಹೊತ್ತಿನಲ್ಲಿ ಅತ್ತೆಯಾದವಳು ಊರು ಬಿಡುತ್ತಾಳೇನು ಎಂದ. ಆಗ ಮಾತಾಡಿದವಳು ಪದ್ಮವ್ವ. ಮಾವನ ಮುಂದೆ ಅವಳು ಅಷ್ಟು ದೊಡ್ಡ ದನಿ ತೆಗೆದದ್ದು ಅದೇ ಮೊದಲು.

"ಅತ್ತಿ ಹೋಗಲಿ ಮಾವಾ. ಹೆರಾಕ ಸೂಲಗಿತ್ತಿ ಸಾಕು. ನಾನೂ ಅಂಜೇನಿ. ಅಂಜೇನ ಅಂತನ ಹೇಳಾಕತ್ತೇನಿ. ಈ ಮನ್ಯಾಗ ಯಾರರೆ ಒಬ್ಬರು ಓದಿ ಜೀವಂತ ತಿರಗಿ ಬಂದ್ರ, ನನ್ನ ಕೂಸಿನ ಕೈಯಾಗ ನಾ ಪಾಟಿ ಕೊಡತೇನಿ. ಇಲ್ಲಾಂದ್ರ ನನಗ ಧೈರ್ಯ ಆಗಾಂಗಿಲ್ಲ."

"ಹೊಸ್ತಲಾ ದಾಟಿದ್ರ ಮಗನ ಹೆಣಾ ತಗೊಂಡ ಬರತಿ," ಎಂದ ಗಿರಮಲ್ಲಪ್ಪ ಹೆಂಡತಿಗೆ.

"ತಂದ್ರ ಏನಾತು? ನೀವು ಜಾಗಾ ಹಸನ ಮಾಡಿಟ್ಟೀರೆಲ್ಲ," ಎಂದಳು ಸೋಮವ್ವ.

ಗಿರಮಲ್ಲಪ್ಪ ಹೊಸ್ತಿಲು ಬಿಟ್ಟು ಸರಿದ. ಆ ಹೊತ್ತಿನಲ್ಲೇ ಅವಳು ಹಿಟ್ಟಿನ ಚೀಲ ಹೊರಗೆ ತಂದಳು. ಹೊಳೆಪ್ಪನನ್ನು ಒಂದು ಕಡೆ ಜಕ್ಕಪ್ಪ, ಒಂದು ಕಡೆ ಅವ್ವ ನಡುವೆ ಹಾಕಿಕೊಂಡು ಹೊರಟರು. ಗಲಗಲಿಯ ದೋಣಿಯಲ್ಲಿ ಸೋಮವ್ವ ಮಗನ ಶರ್ಟಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕುಳಿತಳು. ಅಂಬಿಗ ನಕ್ಕು, "ಹೊಳ್ಯಾಗ ನೀರ ಮೊಣಕಾಲ ತನಕ ಇಲ್ಲಬೇ," ಎಂದರೂ ಬಿಡಲಿಲ್ಲ.

ಇಂದಿರಾಬಾಯಿಯ ಮನೆಯ ಕದ, ಜಕ್ಕಪ್ಪನ ಕಂಬಳಿ ಮತ್ತು ಕೋಲು ಕಾಣುತ್ತಲೇ ಮುಚ್ಚಿತು. ಒಳಗೆ ಅಗಳಿ ಬಿದ್ದ ಸದ್ದು ಬೀದಿಗೆ ಕೇಳಿಸಿತು.

"ಕದಾ ತೆಗೀಬ್ಯಾಡ, ಶುಭದಾ!"

ಶುಭದಾ ಅವರ ಮಗಳು. ಅದೇ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದಳು. ಕಿಟಕಿಯಲ್ಲಿ ಅವಳ ಮುಖ ಕಂಡಿತು, ಹಿಂದೆ ತಾಯಿಯ ಬೋಳು ತಲೆಯ ಮೇಲಿನ ಕೆಂಪು ಸೀರೆಯ ಸೆರಗು. ಸೋಮವ್ವ ಜಕ್ಕಪ್ಪನಿಗೆ ಬೀದಿಯ ಆಚೆ ಹೋಗಿ ನಿಲ್ಲಲು ಹೇಳಿ, ತಾನು ಕಿಟಕಿಯ ಕೆಳಗೆ ನಿಂತಳು.

"ಬಾಯಾರ, ಇಂವ ನನ್ನ ಮಗಾ. ಪರೀಕ್ಷಾ ಮುಗ್ಯೂ ತನಕ ಕ್ವಾಣ್ಯಾಗ ಇರಲಿ. ಖಂಡಾ ತರೂದಿಲ್ಲ. ರೊಟ್ಟೀನೂ ನಾ ಬೀದ್ಯಾಗ ಮಾಡತೇನಿ."

"ಬ್ಯಾಡ. ಸಾಮಾನು ತಗೊಂಡ ಹೋಗ್ರಿ." ಆ ದನಿಯಲ್ಲಿ ಸಿಟ್ಟಿಗಿಂತ ನಡುಕ ಹೆಚ್ಚಿತ್ತು. "ನಿಮಗ ಏನ ಗೊತ್ತದ? ಗಾಂಧಿ ಸತ್ತ ವರ್ಷ, ಕೊಂದವ ಬ್ರಾಹ್ಮಣ ಅಂತ, ಜಮಖಂಡಿ ಸೀಮ್ಯಾಗ ನಮ್ಮ ವಾಡೇಕ್ಕ ಬೆಂಕಿ ಹಚ್ಚಿದರು. ಈ ಹುಡುಗೀದು ಕೈ ಹಿಡಕೊಂಡು ಹಿತ್ತಲದಿಂದ ಓಡೀನಿ. ಹಚ್ಚಿದವರ ಹೆಗಲ ಮ್ಯಾಲೂ ಹಿಂಥಾ ಕಂಬಳೀನೇ ಇತ್ತು."

"ನಾವ ಹಚ್ಚಿಲ್ರಿ."

"ಎಲ್ಲಾರೂ ಹಂಗೇ ಅಂತಾರ."

"ನನ್ನ ಮಗಾ ನಿಮ್ಮ ಮನ್ಯಾಗ ಹಸದ ಬಿದ್ದಿದ್ದ. ನಾವ ಉಪಾಸ ಹಾಕಿಲ್ಲ ಅಂತ ನೀವೂ ಅಂತೀರಿ."

ಕಿಟಕಿಯ ಒಳಗಿನಿಂದ ಶುಭದಾ ಸಣ್ಣ ದನಿಯಲ್ಲಿ, "ಆಯಿ, ಅವರು ಊಟಾ ಮಾಡವಲ್ಲರು ಅಂತ ನಾ ನಿನಗ ಹೇಳಿದ್ದೆ," ಎಂದಳು.

"ನೀ ಬಾಯಿ ಮುಚ್ಚು. ನಾಳೆ ನಿನ್ನ ಕಾಲೇಜಿಗೆ ಕಳಸ್ಬೇಕೋ ಬ್ಯಾಡೋ ನಂಗ?"

ಹೊಳೆಪ್ಪನ ಪುಸ್ತಕಗಳು ಕಿಟಕಿಯ ಸರಳುಗಳ ನಡುವಿನಿಂದ ಒಂದೊಂದಾಗಿ ಹೊರಗೆ ಬಂದವು. ಸೋಮವ್ವ ಸೆರಗೊಡ್ಡಿ ಹಿಡಿದಳು. ದಪ್ಪ ಪುಸ್ತಕವೊಂದು ಸರಳಿನಲ್ಲಿ ಸಿಕ್ಕಿಕೊಂಡಾಗ ಇಂದಿರಾಬಾಯಿಯೇ ಕೈ ಹಾಕಿ, ಹಾಳೆ ಹರಿಯದಂತೆ ಓರೆ ಮಾಡಿ ದೂಡಿದರು. ಕದ ತೆರೆಯಲಿಲ್ಲ.

ಮೋಟಾರ್ ಸ್ಟ್ಯಾಂಡಿನ ಹಿಂದೆ ಕಂಬಳಿ ಮಾರುವ ಯಲ್ಲಕ್ಕ ಎಂಬ ಮುದುಕಿಯ ಅಂಗಡಿ ಇತ್ತು. ಜಕ್ಕಪ್ಪನಿಗೆ ಸಂತೆಯಲ್ಲಿ ಪರಿಚಯ. ಅವಳು ಹೊಳೆಪ್ಪನನ್ನು ಮೇಲಿಂದ ಕೆಳಗೆ ನೋಡಿದಳು.

"ಓದೋ ಹುಡುಗನ್ನ ಇಟಕೊಂಡ್ರ ಪುಣ್ಯ ಬರತೈತೋ ಪೀಡಾ ಬರತೈತೋ ನನಗೇನ ಗೊತ್ತು? ಇರ್ರಿ. ಆದ್ರ ಜೋರ್ಲೆ ಓದಸಬ್ಯಾಡ, ನನ್ನ ಉಣ್ಣಿಗಿ ಹುಳಾ ಹತ್ಯಾವು."

ಜಕ್ಕಪ್ಪ ಊರಿಗೆ ತಿರುಗಿದ ಮೇಲೆ ಉಣ್ಣೆಯ ಮೂಟೆಗಳ ನಡುವೆ ಹೊಳೆಪ್ಪ ಓದಲು ಕುಳಿತ. ಅಂಗಡಿಯ ಹಿಂದೆ ಮೂರು ಕಲ್ಲು. ಬಿಸಿ ರೊಟ್ಟಿ, ಪುಂಡಿಪಲ್ಯ. ಮೊದಲೆರಡು ದಿನ ತಿಂದದ್ದು ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸೋಮವ್ವ ಮಜ್ಜಿಗೆಯಲ್ಲಿ ನುಚ್ಚು ಕಲಸಿ ಚಿಕ್ಕ ಕೂಸಿಗೆ ಇಡುವಂತೆ ಇಟ್ಟಳು. ಅವನು ಕೆಮ್ಮಿದರೆ ಬಂದು ಹಣೆ ಮುಟ್ಟುತ್ತಿದ್ದಳು, ಸುಮ್ಮನಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು.

"ಎವ್ವಾ, ನಾ ಬದುಕೇನಿ. ಓದಗೊಡತಿಯಿಲ್ಲೋ?"

"ಹಂಗ ನಡುನಡುವೆ ಹೇಳಕೋತಿರು."

ಪರೀಕ್ಷೆಯ ದಿನ ಬೆಳಿಗ್ಗೆ ಅವನು ಒಂದು ತುತ್ತೂ ನುಂಗಲಿಲ್ಲ. ತುಟಿ ಬೆಳ್ಳಗಾಗಿತ್ತು. ಬೀದಿಯುದ್ದಕ್ಕೂ ತಾಯಿ ಮುಂದೆ, ಮಗ ಹಿಂದೆ. ಕಾಲೇಜಿನ ಗೇಟಿನ ಹತ್ತಿರ ಅವನು ನಿಂತುಬಿಟ್ಟ.

"ನಾ ವಲ್ಲೆ. ಎದಿ ಹೊಡಕೊಳ್ಳಾಕತ್ತೈತಿ, ನೋಡು. ತಿರಗಿ ಹೋಗೂಣು."

ಸೋಮವ್ವ ಅವನ ಎದೆಯ ಮೇಲೆ ಕೈ ಇಟ್ಟಳು. "ಹೊಡಕೊಳ್ಳಾಕತ್ತೈತಿ ಅಂದ್ರ ನಡದೈತಿ. ಹೋಗು."

ಅವನು ಹೋದ. ಬಿಳಿ ಬಟ್ಟೆಯ ಹುಡುಗರ ಗುಂಪಿನಲ್ಲಿ ಯಾವ ಬೆನ್ನು ಮಗನದೆಂದು ಗೊತ್ತಾಗದೆ ಅವಳು ಗೇಟಿನ ಕಂಬ ಹಿಡಿದು ನಿಂತಳು, ಆಮೇಲೆ ಅಲ್ಲೇ ನೆಲಕ್ಕೆ ಕುಳಿತಳು. ಗಂಟೆ ಬಾರಿಸಿದರು. ಬಿಸಿಲೇರಿತು. ಒಳಗಿನಿಂದ ಒಂದು ಕೆಮ್ಮು ಕೂಡ ಕೇಳಿಸುತ್ತಿರಲಿಲ್ಲ. ಇಷ್ಟು ಜನ ಇದ್ದೂ ಸದ್ದಿಲ್ಲದ ಮನೆಯನ್ನು ಅವಳು ಕಂಡದ್ದು ಹೆಣ ಇಟ್ಟಾಗ ಮಾತ್ರ.

ಸಿಪಾಯಿ ಬಂದ. "ಏ ಮುದಿಕಿ, ಇಲ್ಲಿ ಕೂಡಬಾರದು. ಏಳು. ಸಾಹೇಬರು ನೋಡಿದ್ರ ನನಗ ಬೈತಾರ."

"ಒಳಗ ನನ್ನ ಮಗಾ ಅದಾನಪಾ."

"ಯಾವಾಂವ? ಸಿಪಾಯೇನು? ಕಸಾ ಹೊಡ್ಯಾಂವನು?"

"ಬಿ.ಎ. ಬರ್ಯಾಕತ್ತಾನ."

ಸಿಪಾಯಿ ಅವಳ ಇರಕಲ್ ಸೀರೆಯ ತೇಪೆ ನೋಡಿದ, ಹಣೆಯ ಭಂಡಾರ ನೋಡಿದ. "ಕುರುಬರ ಪೈಕಿ ಏನು?"

"ಹೌಂದು."

"ಓದಿದ್ರ ಓದಲಿ. ನೀ ಯಾಕ ಇಲ್ಲಿ ಕುಂತಿ? ಅಂವ ಏನ ಓಡಿ ಹೋಗತಾನು?"

"ನಮ್ಮ ಮನ್ಯಾಗ ಓದಿದವರು ಉಳ್ಯಾಂಗಿಲ್ಲ," ಎಂದಳು ಸೋಮವ್ವ. "ಎರಡ ಹೋದುವು. ಈ ಸಲ ನಾ ಬಾಗಲದಾಗ ಕುಂತೇನಿ. ಯಾವಾಂವ ಒಯ್ಯತಾನ ನೋಡತೇನಿ. ನೀ ಹೊಡದರೂ ನಾ ಏಳೂದಿಲ್ಲ."

ಸಿಪಾಯಿ ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿದ. ಏನು ತಿಳಿದನೋ, ಹೋಗಿ ತನ್ನ ಸ್ಟೂಲಿನ ಮೇಲೆ ಕುಳಿತು ಬೇರೆ ಕಡೆ ಮುಖ ತಿರುಗಿಸಿದ.

ಮತ್ತೆ ಗಂಟೆ ಬಾರಿಸಿದಾಗ ಅವಳು ಎದ್ದಳು. ಹುಡುಗರು ಬಂದರು. ನಗುತ್ತ ಬಂದರು, ಜಗಳಾಡುತ್ತ ಬಂದರು. ಒಬ್ಬ ಅವಳನ್ನು ದಾಟುತ್ತ "ಪೋಂ ಪೋಂ" ಎಂದ. ಅದು ಏನೆಂದು ಅವಳಿಗೆ ಗೊತ್ತಿತ್ತು, ಅವನ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಗುಂಪು ಕರಗಿತು. ಬಾಗಿಲು ಬರಿದಾಯಿತು. ಸಿಪಾಯಿ ಗೇಟಿನ ಒಂದು ಕದ ಎಳೆದ. ಸೋಮವ್ವ ಕಿರುಚಲು ಬಾಯಿ ತೆರೆದಳು.

ಹೊಳೆಪ್ಪ ಮೆಟ್ಟಿಲಿಳಿದು ಬಂದ. ಬೆರಳಿಗೆಲ್ಲ ಮಸಿ.

"ಎಲ್ಲಾರಕಿಂತ ಹಿಂದ ಯಾಕ ಬಂದಿ?"

"ಬರಿಯೂದ ಮುಗಿದಿರಲಿಲ್ಲ."

ಅವಳು ಅವನ ಕೈ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದಳು. "ಮುಗೀತೇನ ಇನ್ನ?"

"ಇದು ಮೊದಲನೇ ಪೇಪರ್ ಬೇ. ಇನ್ನೂ ಬಾಳ ಅದಾವ." ಅವನು ಮಸಿಯ ಬೆರಳನ್ನು ಶರ್ಟಿಗೆ ಒರೆಸಿದ. "ಎವ್ವಾ, ನನಗ ನಾಳೆಂದಕ್ಕೂ ಅಂಜಿಕಿ ಬರಾಕತ್ತೈತಿ."

"ಬರ್ಲಿ. ಅಂಜೂದು ನನಗ ಬಿಡು, ನನಗ ರೂಢಿ ಐತಿ," ಎಂದಳು ಸೋಮವ್ವ. "ನೀ ಒಳಗ ಕುಂತು ಬರಿ. ನಾ ಹೊರಗ ಕುಂತು ಅಂಜತೇನಿ."